ಅಂಗೈಯಗಲದ ಚಂದ್ರ

ಸುಣ್ಣ ಕುದಿಯುವಾಗಿನ ವಾಸನೆ ಗೊತ್ತಿರುವವರು ಈಗ ಕಡಿಮೆ. ಸುಣ್ಣದ ಕಲ್ಲನ್ನು ಡ್ರಮ್ಮಿಗೆ ಹಾಕಿ ಮೇಲೆ ನೀರು ಸುರಿದರೆ, ಬೆಂಕಿಯ ಹಂಗಿಲ್ಲದೆ ತಾನಾಗಿ ಬುಸುಗುಟ್ಟುತ್ತ ಕುದಿಯುತ್ತದೆ. ಕಾದ ನೆಲಕ್ಕೆ ನೀರು ಚಿಮುಕಿಸಿದಂಥ, ಆದರೆ ಅದಕ್ಕಿಂತ ಖಾರವಾಗಿ ಮೂಗಿನ ತುದಿಯನ್ನು ಚುಚ್ಚುವ ವಾಸನೆ. ಅವಳ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆದಿತ್ತು. ಅವಳಪ್ಪ ಮನೆಮನೆಗೆ ಬಣ್ಣ ಹೊಡೆಯುವ ಮೇಸ್ತ್ರಿ. ಸಂಜೆ ಅವನಿಗಿಂತ ಮೊದಲು ಅವನ ಅಂಗಿಯ ವಾಸನೆ ಹೊಸ್ತಿಲು ದಾಟುತ್ತಿತ್ತು.

ಬಾಗಿಲ ಹಿಂದಿನ ಒಂದೇ ಮೊಳೆಗೆ ಅಪ್ಪನ ಅಂಗಿ, ಅವಳ ಶಾಲೆಯ ಚೀಲ ಎರಡೂ ನೇತಾಡುತ್ತಿದ್ದವು. ಒಂದು ದಿನ ಪಕ್ಕದಲ್ಲಿ ಕೂರುವ ಗೆಳತಿ, ನಿನ್ನ ಪುಸ್ತಕಕ್ಕೆ ಹೊಸ ಮನೆಯ ವಾಸನೆ ಎಂದಳು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೂ ಅವಳು ಅಂದು ಸಂಜೆ ಚೀಲವನ್ನು ತೆಗೆದು ಕಿಟಕಿಯ ಸರಳಿಗೆ ಕಟ್ಟಿದಳು. ಅಪ್ಪ ನೋಡಿದ. ಮಾರನೆಯ ದಿನ ಹೊರಗೋಡೆಗೆ ಇನ್ನೊಂದು ಮೊಳೆ ಹೊಡೆದ. ಅಲ್ಲಿಂದಾಚೆಗೆ ಅಂಗಿಯನ್ನು ಹೊರಗೇ ಬಿಚ್ಚಿಟ್ಟು ಒಳಗೆ ಬರುತ್ತಿದ್ದ, ಚಳಿಯಲ್ಲೂ.

ಈಗ ಅವಳಿಗೆ ನಲವತ್ತು ದಾಟಿದೆ. ಚಿಕ್ಕಂದಿನಲ್ಲಿ ತೆಳ್ಳಗಿದ್ದಳೆಂದು ಅಪ್ಪ ಇಟ್ಟ ‘ಕಡ್ಡಿ’ ಎಂಬ ಅಡ್ಡಹೆಸರು ಮೈ ತುಂಬಿದ ಮೇಲೂ ಬಿಟ್ಟು ಹೋಗಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಇರುವುದು ಅವಳ ಮನೆಯಲ್ಲೇ. ಗಂಡ ಫ್ರಿಜ್ ರಿಪೇರಿಯವನು. ಸೆಖೆ ಇದ್ದರೆ ಕೆಲಸ, ಇಲ್ಲದಿದ್ದರೆ ದಿನವೆಲ್ಲ ರೇಡಿಯೊ. ಮಗಳು ಕಾಲೇಜಿಗೆ ಹೋಗುತ್ತಾಳೆ, ಹೋಗದ ದಿನ ತಾತನ ಜೊತೆ ಪಗಡೆಯಾಡಿ ಜಗಳವಾಡುತ್ತಾಳೆ. ಅವಳು ಬಹಳ ವರ್ಷ ದುಡಿದ ಫೋಟೊ ಸ್ಟುಡಿಯೊ ಬಾಗಿಲು ಹಾಕಿದ ಮೇಲೆ ಮನೆಯ ಒಲೆ ಉರಿಯುವುದೇ ಕಷ್ಟವಾಗಿತ್ತು. ಅಂಥ ಹೊತ್ತಿನಲ್ಲಿ ಸಿಕ್ಕಿದ್ದು ಈ ಪ್ರದರ್ಶನದ ಕೆಲಸ.

ಹಳೆಯ ಹತ್ತಿ ಗೋದಾಮನ್ನು ಸಾರಿಸಿ ಗುಡಿಸಿ, ಒಳಗೆ ಹಲಗೆಯ ಗೋಡೆ ನಿಲ್ಲಿಸಿ ಮಾಡಿದ ಪ್ರದರ್ಶನ. ಮುಪ್ಪಿನಲ್ಲಿ ತನ್ನ ತೋಟದ ಕೊಳವೊಂದನ್ನೇ ಮತ್ತೆ ಮತ್ತೆ ಬರೆದನಂತಲ್ಲ, ಆ ಹೆಸರುವಾಸಿ ಚಿತ್ರಕಾರ, ಅವನ ಚಿತ್ರಗಳು. ಆದರೆ ಅಲ್ಲಿ ಚೌಕಟ್ಟು ಹಾಕಿದ ಚಿತ್ರ ಒಂದೂ ಇರಲಿಲ್ಲ. ಕತ್ತಲು ಮಾಡಿ, ಎಲ್ಲಿಂದಲೋ ಬೆಳಕು ಬಿಟ್ಟು, ನಾಲ್ಕೂ ಗೋಡೆಯ ಮೇಲೆ ಕೊಳವನ್ನೇ ಹರಿಸುತ್ತಿದ್ದರು. ತಾವರೆ ಎಲೆಗಳು ನೆಲದ ಮೇಲೆ ತೇಲಿ ಬಂದು ಕಾಲಿನ ಮೇಲೆ ಹತ್ತುತ್ತಿದ್ದವು. ಚಪ್ಪಲಿ ಬಿಟ್ಟು ಒಳಗೆ ಬಂದವರು ಮೊದಲು ಕಾಲೆತ್ತಿ ಕಾಲಿಡುತ್ತಿದ್ದರು, ಒದ್ದೆಯಾಗುವುದೇನೋ ಎಂದು. ಕಪ್ಪು ಸಮವಸ್ತ್ರ ತೊಟ್ಟು, ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು, ಗೋಡೆ ಮುಟ್ಟಬೇಡಿ, ಮಕ್ಕಳನ್ನು ಓಡಲು ಬಿಡಬೇಡಿ ಎಂದು ಹೇಳುವುದು ಅವಳ ಕೆಲಸ. ಕೆಲಸ ಅವಳಿಗೆ ಇಷ್ಟವಾಗಿತ್ತು. ಜನ ಅವಳನ್ನು ಮೇಡಂ ಎನ್ನುತ್ತಿದ್ದರು.

ಒಂದೇ ಒಂದು ತೊಡಕು. ಅವಳು ನಿಲ್ಲುವ ಗೋಡೆಯಲ್ಲಿ ಎರಡು ಹಲಗೆ ಕೂಡುವ ಕಡೆ ಬಿರುಕು ಬಿಟ್ಟಿತ್ತು. ಚಿತ್ರದ ಸೇತುವೆ ಅದರ ಮೇಲೆ ಹಾದಾಗಲೆಲ್ಲ ಮುರಿದಂತೆ ಕಾಣುತ್ತಿತ್ತು. ನೋಡುವವರು ಗೊಣಗುತ್ತಿದ್ದರು, ಮ್ಯಾನೇಜರ್ ಅವಳ ಮೇಲೆ ಹರಿಹಾಯುತ್ತಿದ್ದ, ಯಾರೋ ಒರಗಿದ್ದಾರೆ, ನೀವು ನೋಡಿಕೊಂಡಿಲ್ಲ ಎಂದು. ಊಟಕ್ಕೆ ಕೂತಾಗ ಅವಳು ದಿನವೂ ಅದನ್ನೇ ಹೇಳುವಳು.

“ಹಲಗೆ ಜಾಯಿಂಟಾ?” ಎಂದ ಅಪ್ಪ ಒಮ್ಮೆ, ಅನ್ನ ಕಲಸುತ್ತ. “ಒಂದು ಕೈ ಪುಟ್ಟಿ ಮೆತ್ತಿದ್ರೆ ಆಯ್ತಲ್ಲ ಕಡ್ಡಿ.”

“ಅದು ನೀನು ಸುಣ್ಣ ಬಳಿಯೋ ಗೋಡೆ ಅಲ್ಲಪ್ಪ,” ಎಂದಳು ಅವಳು. ಗಂಡ ನಕ್ಕ. ಅಪ್ಪನೂ ನಕ್ಕ.

ಮನೆಯವರಿಗೆಂದು ಕೊಟ್ಟ ಪಾಸಿನಲ್ಲಿ ಅವಳು ಗಂಡನನ್ನೂ ಮಗಳನ್ನೂ ಮೊದಲ ವಾರವೇ ಕರೆದೊಯ್ದಿದ್ದಳು. ಅಪ್ಪನಿಗೆ ಮಾತ್ರ, ಕತ್ತಲು, ನೂಕುನುಗ್ಗಲು, ನಿನ್ನ ಮಂಡಿಗೆ ಆಗದು ಎಂದಿದ್ದಳು. ಹೌದು ಹೌದು ಎಂದು ಅಪ್ಪ ಒಪ್ಪಿಕೊಂಡಿದ್ದ. ಮಂಡಿಯ ಮಾತು ಸುಳ್ಳೇನೂ ಅಲ್ಲ. ಆದರೆ ಉಗುರಿನ ಸಂದಿಯಲ್ಲಿ ಬಣ್ಣ ಕೂತ ಆ ಕೈಗಳು, ಎಲ್ಲಿ ಹೋದರೂ ಗೋಡೆಯನ್ನು ತಟ್ಟಿ ನೋಡುವ ಆ ಚಟ, ಗಟ್ಟಿ ದನಿ, ಇವೆಲ್ಲ ಮ್ಯಾನೇಜರನ ಮುಂದೆ ಬೇಡವೆನ್ನಿಸಿದ್ದೂ ಸುಳ್ಳಲ್ಲ.

ಮೊಮ್ಮಗಳು ಅದನ್ನು ಹೇಗೋ ಅರಿತಿದ್ದಳು. ಕಾಲೇಜಿನಲ್ಲಿ ಸಿಕ್ಕಿದ ಒಂದು ಪಾಸನ್ನು ತಾತನ ಕೈಗೆ ತುರುಕಿ, ಅಮ್ಮನಿಗೆ ಹೇಳಬೇಡ, ಸುಮ್ಮನೆ ಹೋಗಿ ನೋಡಿಕೊಂಡು ಬಾ ಎಂದಳು. ತಾತ ಹೋದ. ಸುಮ್ಮನೆ ಹೋಗಲಿಲ್ಲ, ಅಷ್ಟೆ. ಮನೆಯಲ್ಲೇ ಬಿರುಕು ಮುಚ್ಚುವ ಪುಟ್ಟಿಯ ಹಿಟ್ಟು ಕಲಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅದನ್ನು ಎಳೆಯುವ ಹಳೆಯ ಬ್ಲೇಡಿನ ಜೊತೆ ಕೈಚೀಲದಲ್ಲಿಟ್ಟುಕೊಂಡು ಹೋದ. ಮಗಳು ಬೈಸಿಕೊಳ್ಳುವುದು ತಪ್ಪಲಿ ಎಂದು.

ಅಂದು ಜನ ಕಡಿಮೆಯಿದ್ದರು. ಅವಳು ಆಚೆ ತುದಿಯಲ್ಲಿ ಒಂದು ಮಗುವಿನ ಕೈಯಿಂದ ಬಿಸ್ಕತ್ತು ಬಿಡಿಸುತ್ತಿದ್ದಳು. ತಲೆಯೆತ್ತಿದಾಗ, ಎದುರು ಗೋಡೆಯ ಹತ್ತಿರ ಯಾರೋ ಒಬ್ಬ ಮುದುಕ ಬಗ್ಗಿ ನಿಂತು, ನಿಧಾನವಾಗಿ, ಮೇಲಿಂದ ಕೆಳಕ್ಕೆ ಕೈಯಾಡಿಸುತ್ತಿದ್ದ. ಅವನ ಬಿಳಿ ಅಂಗಿಯ ಬೆನ್ನಿನ ಮೇಲೆ ನೀಲಿ ನೀರು ಹರಿಯುತ್ತಿತ್ತು, ಹೂಗಳು ತೇಲುತ್ತಿದ್ದವು. ನೆಲದ ಮೇಲೆ ಕೂತವರು ಇದೂ ಪ್ರದರ್ಶನದ ಒಂದು ಅಂಗ ಎಂದುಕೊಂಡು ಮೊಬೈಲು ಎತ್ತಿ ಹಿಡಿದಿದ್ದರು. ಮೊದಲ ಕ್ಷಣ ಅವಳಿಗೂ ಎಷ್ಟು ಚೆನ್ನಾಗಿದೆ ಎನ್ನಿಸಿತು. ಮರುಕ್ಷಣ ಆ ಬೆನ್ನು ಯಾರದೆಂದು ತಿಳಿಯಿತು.

ಅವಳು ಹೋಗುವಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಪ್ಪ ತಿರುಗಿ, ಎಲ್ಲರಿಗೂ ಅಂಗೈ ತೋರಿಸಿ, ಯಾರೂ ಮುಟ್ಟಬೇಡಿ, ಇನ್ನೂ ಹಸಿ ಇದೆ ಎಂದ. ಜನ ನಕ್ಕು ಮತ್ತಷ್ಟು ಚಪ್ಪಾಳೆ ತಟ್ಟಿದರು. ಸಂಗೀತ ನಿಂತಿತು, ದೀಪ ಹತ್ತಿತು. ಕೊಳ ಆರಿಹೋಗಿ ಬೂದು ಬಣ್ಣದ ಹಲಗೆಗಳು ಮಾತ್ರ ಉಳಿದವು. ಅವುಗಳ ನಡುವೆ ಅಂಗೈಯಗಲದ ಹಾಲುಬಿಳುಪಿನ ಮೆತ್ತು.

ಮ್ಯಾನೇಜರ್ ಓಡಿಬಂದ, ಹಿಂದೆಯೇ ಗೇಟಿನ ಕಾವಲಿನಾಕೆ. ಅವನು ಮೊದಲು ಗೋಡೆ ನೋಡಿದ, ಆಮೇಲೆ ಅಪ್ಪನನ್ನು, ಆಮೇಲೆ ಅವಳನ್ನು.

“ಯಾರಿವರು? ನಿಮಗೆ ಗೊತ್ತಾ?”

“ಗೊತ್ತಿಲ್ಲ ಸರ್.”

ಮಾತು ಅವಳನ್ನು ಕೇಳದೆಯೇ ಬಾಯಿಂದ ಆಚೆ ಬಂದಿತ್ತು, ಕೈ ಕಿವಿಯ ತುದಿ ಹಿಡಿದಿತ್ತು. ಅಪ್ಪ ಅವಳತ್ತ ನೋಡಿದ. ಕೈಯಲ್ಲಿದ್ದ ಬ್ಲೇಡನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಮ್ಯಾನೇಜರನ ಕಡೆ ತಿರುಗಿ, ಕಿವಿಯ ತುದಿ ಹಿಡಿದುಕೊಂಡು, ಬಹಳ ಮರ್ಯಾದೆಯಿಂದ, “ಈ ಮೇಡಮ್ಮನ್ನ ನಾನೂ ಇವತ್ತೇ ನೋಡ್ತಿರೋದು ಸರ್,” ಎಂದ. “ತಪ್ಪು ನಂದೇ. ಗೋಡೆ ಬಿರುಕು ಬಿಟ್ಟಿತ್ತು. ಕೈ ಸುಮ್ನಿರಲಿಲ್ಲ.”

ಅಪ್ಪನನ್ನು ಗೇಟಿಗೆ ಕರೆದೊಯ್ದು ಒಂದು ಸ್ಟೂಲಿನ ಮೇಲೆ ಕೂರಿಸಿದರು. ಗಾಜಿನ ಬಾಗಿಲಾಚೆ ಅವಳಿಗೆ ಕಾಣುತ್ತಿತ್ತು. ಗೇಟಿನ ಕಾವಲಿನಾಕೆ ತನ್ನ ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟಳು. ಅಪ್ಪ ಬಾಯಿ ತಾಗಿಸದೆ ಎತ್ತಿ ಕುಡಿದು, ಮುಚ್ಚಳ ತಿರುಗಿಸಿ, ಹಿಂದಕ್ಕೆ ಕೊಟ್ಟ. ಸ್ವಲ್ಪ ಹೊತ್ತಿನ ಮೇಲೆ ಮ್ಯಾನೇಜರ್ ಹೋಗಿ, ಇನ್ನು ಈ ಕಡೆ ಬರಬೇಡಿ ಅಂತ ಹೇಳಿ ಕಳಿಸಿಬಿಟ್ಟ. ಬಿಸಿಲಲ್ಲಿ ಅಪ್ಪ ಮಂಡಿ ಹಿಡಿದುಕೊಂಡು ಹೋಗುವುದನ್ನು ಅವಳು ನೋಡಿದಳು. ನೋಡುತ್ತಲೇ ಮತ್ತೆ ಒಳಗೆ ಬಂದು, ಗೋಡೆ ಮುಟ್ಟಬೇಡಿ ಎಂದು ಜನರಿಗೆ ಹೇಳುತ್ತ ನಿಂತಳು.

ಆ ಸಂಜೆ ಅವಳು ಮನೆಗೆ ಬಂದಾಗ ಅಪ್ಪ ಆಗಲೇ ಉಂಡು, ತಟ್ಟೆ ತೊಳೆದಿಟ್ಟು, ತನ್ನ ಕೋಣೆ ಸೇರಿದ್ದ. ಮಂಡಿ ನೋವಂತೆ ಎಂದ ಗಂಡ. ಮಾರನೆಯ ದಿನವೂ ಹಾಗೆಯೇ. ಅವಳ ಬಸ್ಸು ಬರುವ ಹೊತ್ತಿಗೆ ಅಪ್ಪನ ಊಟ ಮುಗಿದಿರುತ್ತಿತ್ತು. ಅದು ಸಿಟ್ಟಲ್ಲವೆಂದು ಅವಳಿಗೆ ಗೊತ್ತಿತ್ತು. ಎದುರುಬದುರು ಕೂತು ಅವಳು ಅನ್ನ ನುಂಗುವ ಕಷ್ಟ ತಪ್ಪಲೆಂದು ಅವನು ದಾರಿ ಬಿಟ್ಟುಕೊಟ್ಟಿದ್ದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಆದರೆ ಮೊಬೈಲಿಗೆ ಬಾಯಿ ಇದೆಯಲ್ಲ. ಒಂದು ಭಾನುವಾರ ಮಗಳು ಫೋನು ಹಿಡಿದು ಅಡುಗೆಮನೆಗೆ ಬಂದಳು. ಯಾರೋ ಹಾಕಿದ ವಿಡಿಯೊ. ನೀಲಿ ನೀರಿನಲ್ಲಿ ತಾತನ ಬೆನ್ನು, ಚಪ್ಪಾಳೆ, ದೀಪ, ಮ್ಯಾನೇಜರನ ಪ್ರಶ್ನೆ. ಕೊನೆಯಲ್ಲಿ, ಮುಖ ಕಾಣದಿದ್ದರೂ ಸ್ಪಷ್ಟವಾಗಿ, ಅವಳ ದನಿ.

“ಇದು ನೀನೇ ಅಲ್ವಾ ಅಮ್ಮ?”

ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು. ಗಂಡ ಫೋನನ್ನು ತೆಗೆದುಕೊಂಡು ನೋಡಿ, ಮತ್ತೆ ನೋಡಿ, ಕೆಲಸದ ವಿಷಯ, ಆ ಗಳಿಗೆಯಲ್ಲಿ ಯಾರಿಗಾದರೂ ಬಾಯಿ ತಪ್ಪುತ್ತದೆ, ಕೆಲಸ ಹೋಗಿದ್ದರೆ ನಾವೆಲ್ಲ ಏನು ತಿನ್ನಬೇಕಿತ್ತು ಎಂದು ಹೆಂಡತಿಯ ಪರವಾಗಿಯೇ ಮಾತಾಡಿದ. ಅದು ಅವಳಿಗೆ ಇನ್ನಷ್ಟು ಚುಚ್ಚಿತು.

“ಹಾಗಾದ್ರೆ ನಾಳೆ ನಾನೇನಾದ್ರೂ ತಪ್ಪು ಮಾಡಿದ್ರೆ?” ಎಂದಳು ಮಗಳು. “ನನ್ನನ್ನೂ ಗೊತ್ತಿಲ್ಲ ಅಂತೀಯಾ?”

“ಬಾಯಿ ಮುಚ್ಚು. ಪಾಸು ಕೊಟ್ಟು ಕಳಿಸಿದವಳು ನೀನು.”

“ನಾನು ಕೊಟ್ಟೆ, ನೀನು ಕೊಡಲಿಲ್ವಲ್ಲ ಅದಕ್ಕೆ.”

ಕೋಣೆಯ ಒಳಗಿನಿಂದ ಅಪ್ಪನ ದನಿ ಬಂತು. “ಲೇ ಹುಡುಗಿ, ಸಾಕು. ನಾನೂ ಅವಳನ್ನ ಗೊತ್ತಿಲ್ಲ ಅಂದಿದ್ದೀನಿ. ಅಲ್ಲಿಗಲ್ಲಿಗೆ ಸರಿಹೋಯ್ತು.”

ಸರಿಹೋಗಲಿಲ್ಲ. ಗೋಡೆಯಂತೂ ಸರಿಹೋಗಲೇ ಇಲ್ಲ. ಆ ಹಲಗೆಗಳಿಗೆ ಬಳಿದಿದ್ದು ಬೆಳಕು ಹಿಡಿಯುವ ವಿಶೇಷ ಬೂದು ಬಣ್ಣ. ಅಪ್ಪ ಮೆತ್ತಿದ್ದು ಮನೆಗೋಡೆಯ ಬಿಳಿ ಪುಟ್ಟಿ. ಮ್ಯಾನೇಜರನ ಕಡೆಯವರು ಉಜ್ಜಿ ನೋಡಿ ಅದನ್ನು ಇನ್ನಷ್ಟು ಅಗಲ ಮಾಡಿದರು. ಆ ಬೂದು ಬಣ್ಣ ಮತ್ತೆ ತರಿಸುವಷ್ಟರಲ್ಲಿ ಪ್ರದರ್ಶನವೇ ಮುಗಿಯುತ್ತದೆ ಎಂದು ಕೈಬಿಟ್ಟರು. ಸೇತುವೆಯೇನೋ ಈಗ ಮುರಿಯುತ್ತಿರಲಿಲ್ಲ. ಆದರೆ ಕೊಳಕ್ಕೆ ಸಂಜೆಯಾಗಿ ನೀರು ಕಡುನೀಲಿಗೆ ತಿರುಗಿದಾಗ, ಅವಳ ಹೆಗಲ ಪಕ್ಕದಲ್ಲೇ ಆ ಬಿಳುಪು ಝಗ್ಗೆಂದು ಹೊಳೆಯುತ್ತಿತ್ತು. ವಿವರಣೆ ಹೇಳುವ ಹುಡುಗಿ ಜಾಣೆ. ಇದು ಕೊಳದಲ್ಲಿ ಬಿದ್ದ ಚಂದ್ರ ಎಂದು ಹೇಳಿಬಿಟ್ಟಳು. ಆಮೇಲೆ ಚಂದ್ರನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಸಾಲು ಹತ್ತಿತು. ಸ್ವಲ್ಪ ಸರಿಯಿರಿ ಮೇಡಂ ಎನ್ನುತ್ತಿದ್ದರು. ಅವಳು ಸರಿಯುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರಾದರೂ ಚಂದ್ರ ಎಂದರೆ ಸಾಕು, ಅವಳ ಕಿವಿ ಬಿಸಿಯಾಗುತ್ತಿತ್ತು.

ಮೊಮ್ಮಗಳ ಬಾಯಿಂದ ಅಪ್ಪ ಇದನ್ನೆಲ್ಲ ಕೇಳಿ ತಿಳಿದುಕೊಂಡ. ನಗುತ್ತಾನೆಂದುಕೊಂಡಿದ್ದಳು ಹುಡುಗಿ. ಅವನು ಸಪ್ಪಗಾದ. “ಬೂದು ಗೋಡೆ ಅಂತ ಆ ಕತ್ತಲಲ್ಲಿ ತಿಳೀಲಿಲ್ಲ ನೋಡು,” ಎಂದನಂತೆ. “ಬಣ್ಣ ನೋಡದೆ ಪುಟ್ಟಿ ಮೆತ್ತಿದವನು ಎಂಥಾ ಮೇಸ್ತ್ರಿ.” ಗಾರೆಯವರು, ಬಣ್ಣದವರು ಕೂರುವ ಚಹಾದಂಗಡಿಗೆ ಅವನು ದಿನಾ ಬೆಳಿಗ್ಗೆ ಹೋಗುತ್ತಿದ್ದ, ಅದನ್ನು ಬಿಟ್ಟ. ಅಲ್ಲಿಯೂ ವಿಡಿಯೊ ತಲುಪಿತ್ತು. ಬನ್ನಿ ಚಿತ್ರಕಾರರೇ ಎಂದು ಕರೆದರಂತೆ. ಹೀಗೆ ಒಂದೇ ಸೂರಿನಡಿ ಇಬ್ಬರು ತಲೆ ತಗ್ಗಿಸಿಕೊಂಡು, ಒಬ್ಬರ ಮುಖ ಒಬ್ಬರು ತಪ್ಪಿಸಿಕೊಂಡು ಓಡಾಡತೊಡಗಿದರು.

ಅವಳು ತನಗೆ ತಿಳಿದಂತೆ ತೇಪೆ ಹಾಕಲು ನೋಡಿದಳು. ಅಪ್ಪನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು, ಮಂಡಿಗೆ ಎಣ್ಣೆ ತಂದಳು, ಬೆಳಿಗ್ಗೆ ಅವನಿಗೆಂದೇ ಮೊಟ್ಟೆ ಬೇಯಿಸಿಟ್ಟಳು. ಎಲ್ಲಕ್ಕೂ ಅಪ್ಪ, ಚೆನ್ನಾಗಿದೆಯಮ್ಮ ಎನ್ನುತ್ತಿದ್ದ. ಚೆನ್ನಾಗಿದೆ ಕಡ್ಡಿ ಎನ್ನುತ್ತಿರಲಿಲ್ಲ. ಆ ಹೆಸರು ಮನೆಯಿಂದ ಯಾವಾಗ ಎದ್ದು ಹೋಯಿತೋ. ಒಂದು ದಿನ ಬಟ್ಟೆ ಒಣಹಾಕುತ್ತ ಹಠಾತ್ತನೆ ಅದು ನೆನಪಾಗಿ, ಅವಳು ಒದ್ದೆ ಅಂಗಿಯನ್ನು ಹಿಡಿದುಕೊಂಡೇ ನಿಂತುಬಿಟ್ಟಳು. ಅಪ್ಪಾ ತಪ್ಪಾಯ್ತು ಎನ್ನಲು ಒಂದು ಉಸಿರು ಸಾಕು. ಆದರೆ ಎಷ್ಟು ದಿನ ತಡವಾಗುತ್ತದೋ ಅಷ್ಟು ದಿನಗಳ ತಪ್ಪನ್ನೂ ಸೇರಿಸಿ ಹೇಳಬೇಕಾಗುತ್ತಿತ್ತು.

ಪ್ರದರ್ಶನ ಮುಗಿಯುವ ದಿನ ಹತ್ತಿರ ಬಂತು. ಕಡೆಯ ದಿನ ಕೆಲಸದವರ ಮನೆಮಂದಿಗೆಂದೇ ಇಟ್ಟಿದ್ದು, ಅಜ್ಜಿ, ಮಗು ಎಲ್ಲರನ್ನೂ ಕರೆತನ್ನಿ ಎಂದು ಮ್ಯಾನೇಜರ್ ಹೇಳಿದ. ಮಗಳು, ತಾತ ಬರದಿದ್ದರೆ ನಾನೂ ಇಲ್ಲ ಎಂದಳು. ಅವಳು ಧೈರ್ಯ ಮಾಡಿ ಅಪ್ಪನ ಕೋಣೆಯ ಬಾಗಿಲಿಗೆ ಹೋದಳು.

“ನೀನೂ ಬಾ ಅಪ್ಪ.”

“ನಾನು ಬಂದ್ರೆ ನೀನು ಹೇಳಿದ್ದು ಸುಳ್ಳಾಗುತ್ತೆ, ನಾನು ಹೇಳಿದ್ದೂ ಸುಳ್ಳಾಗುತ್ತೆ. ಬೇಡಮ್ಮ. ನೋಡಿದ್ದೀನಲ್ಲ, ಚೆನ್ನಾಗಿತ್ತು.”

ಅವಳು ಇನ್ನೊಂದು ಸಲ ಕರೆಯಬೇಕಿತ್ತು. ಕರೆಯಲಿಲ್ಲ. ಬೇಡ ಎಂಬ ಮಾತು ಕೇಳಿದೊಡನೆ ಎದೆಯೊಳಗೆ ಏನೋ ಹಗುರವಾಗಿ, ಬಿಗಿಹಿಡಿದ ಉಸಿರು ಹೊರಗೆ ಬಂದಿತ್ತು. ಆ ಉಸಿರಿನ ಸದ್ದು ಅಪ್ಪನಿಗೆ ಕೇಳಿಸಿತು. ಅವನು ಹೊದಿಕೆ ಮಡಿಸುವ ನೆಪದಲ್ಲಿ ಅತ್ತ ತಿರುಗಿಕೊಂಡ. ಅಂದು ಕೊಳದ ಮುಂದೆ ಆಡಿದ ಮಾತಿಗಿಂತ ಈ ಉಸಿರೇ ಅವಳಿಗೆ ಹೆಚ್ಚು ನಾಚಿಕೆ ತಂದಿತು. ಆ ಮಾತಿಗೆ ಗಾಬರಿಯ ನೆಪವಾದರೂ ಇತ್ತು.

ಕಡೆಯ ದಿನ ಬೆಳಿಗ್ಗೆ ಮಗಳು ಅವಳ ಮುಖಕ್ಕೇ ಹೇಳಿದಳು. “ಈಗ ಸಮಾಧಾನವಾಯ್ತಲ್ಲ ನಿಂಗೆ?” ಅವಳು ತಿಂಡಿ ಮುಟ್ಟದೆ, ಡಬ್ಬಿ ಕಟ್ಟಿಕೊಳ್ಳದೆ, ಚಪ್ಪಲಿ ಮೆಟ್ಟಿ ಹೊರಟುಬಿಟ್ಟಳು.

ಅಂದು ಗೋದಾಮಿನ ತುಂಬ ಮನೆಮಂದಿ. ಕಸ ಗುಡಿಸುವವನ ಅವಳಿ ಮಕ್ಕಳು ತಾವರೆ ಎಲೆಯಿಂದ ಎಲೆಗೆ ಹಾರಿ ಆಡುತ್ತಿದ್ದವು, ಯಾರೂ ಓಡಬೇಡಿ ಎನ್ನಲಿಲ್ಲ. ಟಿಕೆಟ್ಟಿನ ಹುಡುಗನ ಅತ್ತೆ ನೆಲದ ನೀರಿಗೆ ಕೈ ಅದ್ದಿ ಮುಖಕ್ಕೆ ಒರೆಸಿಕೊಂಡು ತಾನೇ ನಕ್ಕಳು. ಮ್ಯಾನೇಜರ್ ತನ್ನ ಮುದಿ ತಾಯಿಯನ್ನು ತೋಳು ಹಿಡಿದು ನಡೆಸುತ್ತ, ಇನ್ನೊಂದು ಕೈಯಲ್ಲಿ ಆಕೆಯ ಸವೆದ ಚಪ್ಪಲಿಯನ್ನು ಹಿಡಿದುಕೊಂಡಿದ್ದ. ಚಪ್ಪಲಿ ಕಳೆದುಹೋದಾವೆಂದು ಆಕೆಗೆ ಚಿಂತೆಯಂತೆ. ನಿಮ್ಮನೆಯವರು ಎಲ್ಲಿ ಎಂದು ಒಬ್ಬಿಬ್ಬರು ಕೇಳಿದರು. ಬರುತ್ತಾರೆ ಎಂದಳು ಅವಳು.

ಮಧ್ಯಾಹ್ನ ಗಾಳಿಗೆಂದು ಅವಳು ಬಾಗಿಲ ಹತ್ತಿರ ಬಂದಾಗ ಗೇಟಿನಾಚೆ ಅಪ್ಪ ನಿಂತಿದ್ದ. ಒಗೆದ ಅಂಗಿ, ಕೈಯಲ್ಲಿ ಬಟ್ಟೆಯ ಗಂಟು. ಒಳಗೆ ಕಾಲಿಡದೆ, ಕಂಬಿಯನ್ನೂ ಮುಟ್ಟದೆ, ಒಂದು ಮಾರು ದೂರದಲ್ಲಿ.

“ಒಳಗಡೆ ಆ ಮೇಡಮ್ಮನಿಗೆ ಇದನ್ನ ಕೊಟ್ಬಿಡ್ತೀರಾ?” ಎನ್ನುತ್ತಿದ್ದ ಕಾವಲಿನಾಕೆಗೆ. “ಊಟ ಬಿಟ್ಟು ಬಂದಿದ್ದಾರೆ.”

“ಯಾರು ಕೊಟ್ಟರು ಅಂತ ಹೇಳಲಿ?”

ಅಪ್ಪ ಕಿವಿಯ ತುದಿ ಹಿಡಿದುಕೊಂಡು ಸ್ವಲ್ಪ ಯೋಚಿಸಿದ. “ಅವರ ಬೀದಿಯವನು ಅನ್ನಿ. ಈ ಕಡೆ ಬರ್ತಿದ್ದೆ, ಮನೆಯವರು ಕೊಟ್ಟು ಕಳಿಸಿದ್ರು.”

ಅವಳಿದ್ದದ್ದು ಅವನಿಗೆ ಕಾಣುತ್ತಿರಲಿಲ್ಲ. ಹಿಂದಕ್ಕೆ ಸರಿದು ಕತ್ತಲಿಗೆ ಸೇರಿಬಿಡಬಹುದಿತ್ತು. ಊಟ ತಾನಾಗಿ ಬಂದು ತಲುಪುತ್ತಿತ್ತು. ತಾಯಿಯನ್ನು ಗಾಳಿಗೆ ಕೂರಿಸಲು ಬಂದ ಮ್ಯಾನೇಜರ್ ಬೇರೆ ಅಲ್ಲೇ ಪಕ್ಕದಲ್ಲಿದ್ದ. ಅವಳು ಮೆಟ್ಟಿಲಿಳಿದಳು.

“ನಮ್ಮಪ್ಪ,” ಎಂದಳು. ಯಾರಿಗೂ ಕೇಳಿಸಲಿಲ್ಲ. ಗೇಟಿನ ಹತ್ತಿರ ಹೋಗಿ ಮತ್ತೊಮ್ಮೆ, ಎಲ್ಲರಿಗೂ ಕೇಳುವಂತೆ ಹೇಳಿದಳು. “ಇವರು ನಮ್ಮಪ್ಪ. ಅವತ್ತು ಗೋಡೆಗೆ ಪುಟ್ಟಿ ಮೆತ್ತಿದವರು. ಗೊತ್ತಿಲ್ಲ ಅಂದಿದ್ದೆ.”

ಕಾವಲಿನಾಕೆಗೆ ಏನೂ ಆಶ್ಚರ್ಯವಾದಂತೆ ಕಾಣಲಿಲ್ಲ. ಗೇಟಿನ ಚಿಲಕ ತೆಗೆಯುತ್ತ, “ಗೊತ್ತಮ್ಮ,” ಎಂದಳು. “ಅವತ್ತೇ ಗೊತ್ತಿತ್ತು. ಇಬ್ರೂ ಸುಳ್ಳು ಹೇಳುವಾಗ ಒಂದೇ ಥರ ಕಿವಿ ಹಿಡ್ಕೋತೀರಾ.”

ಅವಳು ಮ್ಯಾನೇಜರನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಚಪ್ಪಲಿಯನ್ನು ಬಗ್ಗಿ ತಾಯಿಯ ಕಾಲ ಬಳಿ ಇಡುತ್ತಿದ್ದ. ತಲೆಯೆತ್ತದೆಯೇ, ಬೈಗುಳವಿಲ್ಲದ ದನಿಯಲ್ಲಿ ಹೇಳಿದ. “ಇಬ್ಬರದೂ ಒಂದೇ ಮುಖ, ನನಗೂ ಗೊತ್ತಾಗಿತ್ತು. ಅದಕ್ಕೇ ನಿಮ್ಮನ್ನ ಕೇಳಿದ್ದು. ಹೌದು ಅಂದಿದ್ರೆ ಅಲ್ಲಿಗೇ ಮುಗೀತಿತ್ತು.”

ಹಾಗಾದರೆ ಕೆಲಸಕ್ಕೆ ಎಂದೂ ಕುತ್ತಿರಲಿಲ್ಲ. ಅವಳ ಆ ಮಾತು ಇಲ್ಲಿ ಯಾರನ್ನೂ ಮೋಸಗೊಳಿಸಿರಲಿಲ್ಲ. ಇಷ್ಟು ವಾರ ಇವರೆಲ್ಲ ಅವಳಿಗೆ ಬಾಗಿಲು ತೆರೆದಿದ್ದರು, ಚಹಾ ಕೊಟ್ಟಿದ್ದರು, ಒಂದು ದಿನವೂ ಮಾತಿನಲ್ಲಿ ಮೊನೆ ತೋರಿಸಿರಲಿಲ್ಲ. ತಿಳಿದೂ ಸುಮ್ಮನಿದ್ದು, ಅವಳೇ ಹೇಳಲೆಂದು ಕಾದಿದ್ದರು. ನೆಲ ಬಿರಿದು ನುಂಗಬಾರದೇ ಎನ್ನುತ್ತಾರಲ್ಲ, ಹಾಗಾಯಿತು ಅವಳಿಗೆ. ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಅಪ್ಪನ ಪಾದ ನೋಡುತ್ತ ನಿಂತಳು. ಬಿಸಿಲಲ್ಲಿ ನಡೆದು ಬಂದು ಧೂಳಾಗಿದ್ದವು.

ಬನ್ನಿ ಯಜಮಾನರೇ, ಒಳಗೆ ಬನ್ನಿ ಎಂದು ಕಾವಲಿನಾಕೆ ಗೇಟನ್ನು ಇನ್ನಷ್ಟು ತೆರೆದಳು. ಅಪ್ಪ ಆಕೆಯ ಮಾತಿಗೆ ತಲೆಯಾಡಿಸಿದ, ಆದರೆ ಒಳಗೆ ಬರುವ ಅವಸರ ಮಾಡಲಿಲ್ಲ. ಬಟ್ಟೆಯ ಗಂಟು ಬಿಚ್ಚಿದ. ತಟ್ಟೆ ಮುಚ್ಚಿದ ಬೋಗುಣಿಯಲ್ಲಿ ಅನ್ನ, ಬೇಳೆ, ಅವನಿಗೆಂದು ಬೆಳಿಗ್ಗೆ ಬೇಯಿಸಿಟ್ಟಿದ್ದ ಮೊಟ್ಟೆ. ದಾರಿಯಲ್ಲಿ ಒಂದಿಷ್ಟು ಬೇಳೆ ಚೆಲ್ಲಿ ಅಂಚಿಗೆ ಅಂಟಿತ್ತು. ಅಪ್ಪ ಅದನ್ನು ಅಂಗಿಯ ತುದಿಯಿಂದ ಸುತ್ತಲೂ ಒರೆಸಿ, ಬಿಸಿ ತಾಗದಂತೆ ಕೆಳಗೆ ಬಟ್ಟೆ ಮಡಿಸಿಟ್ಟು, ಅವಳ ಎರಡೂ ಕೈಗೆ ಕೊಟ್ಟ.